ಚೀಟಿ ಕೀಳಬೇಡ

ಮೊದಲ ಪಾಠ: ಬ್ಯಾಟರಿಯ ತಂತಿ ಬಿಚ್ಚು.
ಎರಡನೆಯದು: ಕಾಫಿ ಕುಡಿ, ಅವಸರ ಇಳಿಯಲಿ.
ಮೂರನೆಯದನ್ನು ಹೇಳುವ ಮೊದಲೇ
ಚೀಟಿಯ ಅಂಚಿಗೆ ಉಗುರು ಹಾಕಿದ್ದೆ.
ಇರ್ಮೆಲಿ ಪಟ್ಟನೆ ಕೈಗೆ ಹೊಡೆದಳು,
ಬಿಸಿ ಪಾತ್ರೆ ಮುಟ್ಟಹೋದ ಮಗುವಿಗೆ ಹೊಡೆವ ಹಾಗೆ.

ಕಾಯಾನಿ. ಏಪ್ರಿಲ್ ಕೊನೆ. ಕೆರೆಯ ಮೇಲೆ ಇನ್ನೂ ಮಂಜುಗಡ್ಡೆ.
ಅವಳು ಮೂವತ್ತು ವರ್ಷ ಟೀವಿ ರಿಪೇರಿ ಮಾಡಿದ ಮೇಜು,
ಬೆಸುಗೆಯ ರಾಳದ ವಾಸನೆ,
ನಡುವೆ ನನ್ನ ಕಾರಿನ ಮಿದುಳು:
ಊಟದ ಡಬ್ಬಿಯಷ್ಟು ಅಲ್ಯೂಮಿನಿಯಂ ಪೆಟ್ಟಿಗೆ,
ನನಗಿಂತ ಆರು ವರ್ಷ ಹಿರಿಯದು.

ಒಳಗೊಂದು ಕರಿಯ ಜರಿಹುಳು, ಕಾಲು ಇಪ್ಪತ್ತೆಂಟು,
ಬೆನ್ನ ಮೇಲೆ ಕಾಗದದ ಚೂರು.
"ಅದರಡಿ ಕಿಟಕಿಯಿದೆ," ಅಂದಳು,
"ಗಾಜಿನದು, ಸಣ್ಣದು. ಬಿಸಿಲು ಬೀಳುತ್ತಲೇ ಇದ್ದರೆ
ಒಂದೊಂದಾಗಿ ಮರೆಯುತ್ತದೆ,
ಯಾವ ವೇಗಕ್ಕೆ ಎಷ್ಟು ಪೆಟ್ರೋಲು, ಕಿಡಿ ಯಾವಾಗ.
ನಮ್ಮ ಬೇಸಿಗೆಯಲ್ಲಂತೂ ರಾತ್ರಿಯೂ ಬೆಳಕು."

ಚೀಟಿಯ ಮೇಲೆ ಮಾಸಿದ ಪೆನ್ನು:
ಎರಡನೇ ಸಲ. ನವೆಂಬರ್. ಕೆ. ಹೆಚ್.
ಕಾರ್ಖಾನೆಯ ಬರಹವಲ್ಲ.
ಯಾರೋ ನನಗಿಂತ ಮೊದಲೇ ಒಳಹೊಕ್ಕಿದ್ದಾರೆ.

ಒಂದೊಂದೇ ಕಾಲಿನ ತವರ ಕರಗಿಸಿ, ಹೀರಿ,
ಚಿಪ್ಪು ಎಬ್ಬಿಸಿ, ಆ ಜಾಗಕ್ಕೆ ಸಾಕೆಟ್ಟು ಕೂರಿಸಿದ ಮೇಲೆ
ಬಂತು ಮೂರನೆಯ ಪಾಠ:
"ಓದು. ಬರೆಯುವ ಮುಂಚೆ ಓದು.
ಓದಿದ್ದನ್ನು ಎರಡು ಕಡೆ ಎತ್ತಿಡು.
ಅಳಿಸಿ ಆಮೇಲೆ ಅತ್ತವರನ್ನು ಈ ಮೇಜು ಕಂಡಿದೆ."

ಲ್ಯಾಪ್‌ಟಾಪಿಗೆ ಅಂಕಿಗಳು ಸುರಿದವು,
ಮೂವತ್ತೆರಡು ಸಾವಿರದ ಚಿಲ್ಲರೆ,
ನನಗೆ ಬರೀ ಮರಳು.
ಅವಳು ಕನ್ನಡಕ ಹಣೆಗೇರಿಸಿ, ತೆರೆಗೆ ಮೂಗು ತಾಗುವಷ್ಟು ಬಾಗಿ
ಅದರೊಳಗೊಂದು ಪಗಡೆಹಾಸು ಹುಡುಕಿದಳು:
ಅಡ್ಡಕ್ಕೆ ಎಂಜಿನ್ನಿನ ಸುತ್ತು, ಉದ್ದಕ್ಕೆ ಹೊರೆ,
ಮನೆಮನೆಗೂ ಇಷ್ಟಿಷ್ಟೇ ಪೆಟ್ರೋಲು.
ನುಣ್ಣಗೆ ಏರುವ ಅಂಕಿ; ಒಂದು ಕಡೆ ಮಾತ್ರ,
ಎರಡು ಸಾವಿರದ ಎಂಟುನೂರರ ಸುತ್ತ, ತುಂಬು ಹೊರೆಯಲ್ಲಿ,
ನಾಲ್ಕು ಮನೆಯ ದಿಬ್ಬ,
ಹಣೆಗೆ ಬಾಗಿಲು ಬಡಿದು ಎದ್ದ ಬುಗುಟಿನ ಹಾಗೆ.

"ತಪ್ಪಾಗಿದೆ, ಸವರಿಬಿಡೋಣ," ಅಂದೆ.
"ತಪ್ಪೋ? ದಾರಿಯೋ?
ಭಾರ ಎಳೆದು ದಿನಾ ಒಂದೇ ಏರು ಹತ್ತಿದ ಆಸಾಮಿ ಇದು.
ಅಲ್ಲಿ ಕಾರು ಕೆಮ್ಮುತ್ತಿತ್ತು,
ಒಂದು ಸೌಟು ಹೆಚ್ಚು ಬಡಿಸಿದೆ."
ಹಿಂದಿನ ಬಂಪರಿನಡಿ ತುಕ್ಕು ಹಿಡಿದ ಎರಡು ತೂತು
ಆಗ ನೆನಪಾಯಿತು. ಟ್ರೇಲರಿನ ಕೊಕ್ಕೆ ಇದ್ದ ಜಾಗ.

ಹಳೆಯದನ್ನು ಮುಟ್ಟಲಿಲ್ಲ.
ಡ್ರಾಯರಿನಿಂದ ಬೇರೊಂದು ಚಿಪ್ಪು ತೆಗೆದು, ಕಿಟಕಿ ಒರೆಸಿ,
ನೇರಳೆ ದೀಪದಡಿ ಮಲಗಿಸಿದಳು, ಇಪ್ಪತ್ತು ನಿಮಿಷ.
ಅಳಿಸಿದರೆ ಎಲ್ಲ ಸೊನ್ನೆ ಅಂದುಕೊಂಡಿದ್ದೆ.
ಅಲ್ಲ. ಎಲ್ಲವೂ ಒಂದು.
ಮರೆತ ಚಿಪ್ಪು ತುಂಬಿ ತುಳುಕುತ್ತಿರುತ್ತದೆ;
ಬರೆಯುವುದೆಂದರೆ ಅಲ್ಲಲ್ಲಿ ಒಂದನ್ನು ಕೆಡವುವುದು.

ಕಿಡಿಯನ್ನು ಮೂರು ಡಿಗ್ರಿ ಮುಂದೆ ತಳ್ಳಿದೆ.
"ಸಲಕ್ಕೊಂದೇ ಬದಲು," ಅಂದಳು, ಕೊನೆಯ ಮನೆಯಲ್ಲಿ
ಒಟ್ಟು ಮೊತ್ತ ತಾಳೆ ನೋಡಿ.
ತನ್ನದೇ ಇನ್ನೊಂದು ಬರೆದು, ಒಂದೇ ಡಿಗ್ರಿಯದು,
ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು ಪಕ್ಕ ಕೂತಳು.

ವುವೊಕಟ್ಟಿಯ ಏರು. ನಾಲ್ಕನೇ ಗೇರು. ಕಾಲು ಒತ್ತಿದೆ.
ಡಬ್ಬಿಯಲ್ಲಿ ಗೋಲಿ ಕುಲುಕಿದ ಸದ್ದು,
ನನಗೆ ಅದು ಡಬ್ಬಿಯದೇ ಅನಿಸಿತು.
"ಕಾಲು ತೆಗೆ," ಅಂದಳು, ತಣ್ಣಗೆ. "ಅದು ನಿನ್ನ ಪಿಸ್ಟನ್ನು."

ರಸ್ತೆಬದಿ ನಿಂತು, ಮೊಣಕಾಲೂರಿ, ಜರಿಹುಳು ಬದಲಿಸಿದೆವು.
ಮತ್ತೆ ಕೆಳಗಿಂದ.
ಎರಡು ಸಾವಿರದ ಎಂಟುನೂರು ಬಂತು,
ಕೆ. ಹೆಚ್.ನ ದಿಬ್ಬ ಬಂತು,
ಕಾರು ಕೆಮ್ಮಲಿಲ್ಲ.
ಇಬ್ಬರೂ ಏನೂ ಮಾತಾಡಲಿಲ್ಲ.

ಶೆಡ್ಡಿಗೆ ಬಂದಾಗ ಒಂಬತ್ತು ಗಂಟೆ, ಕಿಟಕಿಯಲ್ಲಿ ಇನ್ನೂ ಬಿಸಿಲು.
"ಇಪ್ಪತ್ತು ಯೂರೋ. ಕಾಫಿ ಬೇರೆ."
ಕಾಗದದ ಚೂರು ಕತ್ತರಿಸಿ ಬರೆದೆ:
ಮೂರನೇ ಸಲ. ಏಪ್ರಿಲ್.
ಹೆಸರಿಗೆ ಜಾಗ ಸಾಲಲಿಲ್ಲ.
ಕಿಟಕಿಯ ಮೇಲಿಟ್ಟು ಹೆಬ್ಬೆರಳಿಂದ ಒತ್ತಿ ಹಿಡಿದೆ,
ಅಂಟು ಹಿಡಿಯುವವರೆಗೆ.