ಅರ್ಧ ಹೆಜ್ಜೆ ಉಳಿಸಿಕೊ

ವಾಸ್ಕೋದ ಬೈನಾದಲ್ಲಿ, ಕಡಲಿಗೆ ಬೆನ್ನು ಹಾಕಿದ ಖೋಲಿ.
ನಾಲ್ಕು ಚಾಪೆ, ಒಂದು ಲ್ಯಾಪ್‌ಟಾಪು.
ಮಡಗಾಂವದ ಗುಜರಿಯಲ್ಲಿ ನಾಲ್ವರೂ ಕೂಡಿ ಕೊಂಡದ್ದು.
‘ಎಚ್’ ಕೀಲಿ ಉದುರಿದೆ; ಹಾಗಾಗಿ
ಹನುಮೇಶನ ಸಿಪಾಯಿಗೆ ಪರದೆಯ ಮೇಲೆ
ಅನುಮೇಶ ಎಂದು ಹೆಸರು.
“ನಮ್ಮವ್ವ ಕರೆಯೋದೂ ಹಂಗ” ಅಂದ, ಬಿಟ್ಟೆವು.

ಒಬ್ಬೊಬ್ಬರಿಗೆ ಒಬ್ಬ ಸಿಪಾಯಿ. ಸತ್ತರೆ ಸತ್ತ ಹಾಗೆ,
ಹಿಂದಿನ ಆಟ ತೆರೆಯುವಂತಿಲ್ಲ.
ಕಳಕೊಂಡವ ವಾರವಿಡೀ ಪಾತ್ರೆ ತಿಕ್ಕಬೇಕು.
ಗದಿಗೆಪ್ಪಣ್ಣ ಮಾಡಿದ ಕಾನೂನು,
ಹೆಚ್ಚು ತಿಕ್ಕಿದವನೂ ಅವನೇ.

“ನೋಡಾಕ ಹೋಗಾವ ಮೊದಲ ಹೋಗಬೇಕು.
ಎಲ್ಲಾರೂ ನಡದ ಮ್ಯಾಲೆ ಕಡೀಕ ನೀ ಹೋಗಿ
ಮಂಜು ಸರಿಸಿ ನಾಕು ಮಂದಿನ ಎಬ್ಬಿಸಿದಿ ಅಂದ್ರ
ಯಾರ ಕೈಯಾಗ ಏನ್ ಉಳದಿರತೈತಿ?
ಪಾಳಿ ಅವರದು. ನಾವು ಬಾಯಿ ತಕ್ಕೊಂಡು ಕೂಡೋದು.
ಅರ್ಧ ಹೆಜ್ಜಿ ಇಡು, ಅರ್ಧ ಉಳಿಸ್ಕೊ.
ಕಂಡ್ರ ಓಡಿ ಬಾ. ಬೆನ್ನ ಹತ್ತಿ ಬರತಾರ.
ಬರ್ಲಿ.”

ಮಾಬೂಸಾಬ ಮಾಳಿಗೆಯ ಮೇಲೆ, ಗದಿಗೆಪ್ಪ ಮುರುಕು ಗೋಡೆಗೆ,
ನಾನು ಪೆಟ್ಟಿಗೆಗಳ ಹಿಂದೆ, ಬಾಗಿಲಿಗೆ ಗುರಿ ಹಿಡಿದು.
ಗುಂಡು ಹಾರಿಸದೆ ಪಾಳಿ ಮುಗಿಸಲು
ನನಗೆ ಒಂದು ತಿಂಗಳು ಬೇಕಾಯಿತು.
ನೂರಕ್ಕೆ ತೊಂಬತ್ತೈದು ಎಂದು ತೋರಿಸಿದಾಗಲೂ
ತಪ್ಪಿದ್ದೇನೆ ಒಮ್ಮೆ.
ಉಳಿದ ಆ ಐದು ಎಲ್ಲಿರುತ್ತದೆ ಎಂದು
ಆವತ್ತಿನಿಂದ ಹುಡುಕುತ್ತಿದ್ದೇನೆ.

ಬೆಳಿಗ್ಗೆ ಏಳರ ಪಾಳಿ.
ಯಾರ್ಡಿನಲ್ಲಿ ಎಳೆದು ನಿಲ್ಲಿಸಿದ ಅದಿರಿನ ಬಾರ್ಜು,
ಮಳೆಗಾಲವಿಡೀ ಮುಚ್ಚಿದ್ದ ತಳದ ಟ್ಯಾಂಕು.
ಒಳಗಿಳಿದು ತುಕ್ಕು ಕೆರೆಯಬೇಕು.
ಮುಕಾದಮ ಕೊಂಕಣಿಯಲ್ಲಿ ಏನೋ ಅಂದ,
ಬೆರಳು ಹನುಮೇಶನ ಕಡೆಗಿತ್ತು.
ಹೊಸಬ ಮೊದಲು. ಯಾವಾಗಲೂ ಹಾಗೇ.
ನನ್ನನ್ನೂ ಹಾಗೇ ಇಳಿಸಿದ್ದರು,
ಇವರೆಲ್ಲ ಚಹಾದ ಗಾಡಿಯ ಹತ್ತಿರ ನಿಂತಿದ್ದಾಗ.

ಹುಡುಗ ಟಾರ್ಚು ಬಾಯಲ್ಲಿ ಕಚ್ಚಿ ಏಣಿಗೆ ಕಾಲಿಟ್ಟ.
ಗದಿಗೆಪ್ಪ ಲೋಟ ಕೆಳಗಿಟ್ಟ.
ಮಾತಿಲ್ಲ. ಹಗ್ಗ ತಂದು ಅವನ ಸೊಂಟಕ್ಕೆ ಬಿಗಿದ.
ಮಾಬೂಸಾಬ ಗಾಳಿಯ ಪೈಪು ಎಳೆಯಲು ಓಡಿದ.
ನಾನು ತೂತಿನ ಅಂಚಿಗೆ ಬೋರಲು ಮಲಗಿ
ಕತ್ತಲೆಯ ಮೇಲೆ ಕಣ್ಣಿಟ್ಟೆ.
ಮುಕಾದಮ ಗಡಿಯಾರ ನೋಡಿಕೊಂಡ. ನೋಡಿಕೊಳ್ಳಲಿ.

“ಮೆಟ್ಟಲ ಎಷ್ಟದಾವು?”
“ಹದಿನಾರು.”
“ಎಂಟ ಇಳಿ. ನಿಲ್ಲು.”

ಎಂಟು ಇಳಿದ. ನಿಂತ.
ಟಾರ್ಚಿನ ಬೆಳಕು ಒಂದು ಗೋಡೆಯಿಂದ
ಇನ್ನೊಂದಕ್ಕೆ ಹೋಯಿತು, ವಾಪಸು ಬರಲಿಲ್ಲ.
ಅಂಗೈಯಲ್ಲಿ ಹಗ್ಗ ಒದ್ದೆ.
ಆ ಐದು ಅಲ್ಲೇ ಇತ್ತು, ಅಷ್ಟು ಹತ್ತಿರ.

“ಅಣ್ಣಾ, ತಲಿ ತಿರಗಾಕತ್ತೈತಿ.”

ಎಳೆದೆವು. ಎಂಟೇ ಮೆಟ್ಟಿಲು.
ಎಂಟು ಅವನಲ್ಲಿ ಇನ್ನೂ ಉಳಿದಿದ್ದವು.
ಡೆಕ್ಕಿನ ಮೇಲೆ ಅಂಗಾತ ಬಿದ್ದು ಆಕಾಶ ನೋಡಿದ,
ನಿಂಬೆ ಸೋಡಾ ಕೇಳಿದ, ಅರ್ಧ ಕುಡಿದು ವಾಂತಿ ಮಾಡಿದ.
ಮಧ್ಯಾಹ್ನದವರೆಗೂ ಪೈಪು ಗಾಳಿ ಊದಿತು.
ನಾಲ್ವರಿಗೂ ಅರ್ಧ ದಿನದ ಕೂಲಿ ಕಡಿತ.

ಅಂದು ರಾತ್ರಿ ಆಟದಲ್ಲಿ ಅನುಮೇಶ ಸತ್ತ.
ನೀರಿನ ಟಾಕಿಯ ಮೇಲೆ ಕೂತಿದ್ದ ಒಬ್ಬನನ್ನು
ನಾವ್ಯಾರೂ ಕಂಡಿರಲಿಲ್ಲ.
ಹುಡುಗ ಬೈದುಕೊಳ್ಳುತ್ತ ಪಾತ್ರೆಯ ಬುಟ್ಟಿಗೆ ಕೈ ಹಾಕಿದ.
“ಕೂಡು” ಎಂದ ಗದಿಗೆಪ್ಪ, ಬುಟ್ಟಿ ಕಸಿದು
ಹೊರಗಿನ ನಲ್ಲಿಗೆ ಹೋದ.

ಬಹಳ ಹೊತ್ತು ತಿಕ್ಕುತ್ತಿದ್ದ. ಒಂದೇ ಬೋಗುಣಿ, ಸದ್ದು ಕೇಳಿದರೆ ಗೊತ್ತಾಗುತ್ತಿತ್ತು.
ನಾವು ಮೂವರೂ ಪರದೆಯ ಮುಂದೆ,
ಪಾಳಿ ನಮ್ಮದೇ ಇತ್ತು,
ಯಾರೂ ನಡೆಸಲಿಲ್ಲ.