ಹುಡೇವಿನ ನಕ್ಷೆ

ಉದ್ದ ಹದಿನೇಳು ಹೆಜ್ಜೆ, ಅಗಲ ಹನ್ನೊಂದು.
ಇಷ್ಟೇ.
ಜಗಳೂರಿನಿಂದ ಬಡಗಲಿಗೆ, ಬಸ್ಸು ಇಳಿದು ನಾಲ್ಕು ಮೈಲಿ,
ಬಾದೆ ಹುಲ್ಲು ಬಿಟ್ಟರೆ ಏನೂ ಒಪ್ಪದ ಗುಡ್ಡದ ನೆತ್ತಿಯಲ್ಲಿ
ಎರಡೇ ವರಸೆ ಉಳಿದ ಗೋಡೆ.
ದುರ್ಗದ ಕೋಟೆ ಕಂಡ ಕಣ್ಣಿಗೆ ಇದು
ಕುರಿರೊಪ್ಪ; ಕುರಿಗಳೂ ಹಾಗೇ ತಿಳಿದು
ಮೊಣಕಾಲುದ್ದ ಹಿಕ್ಕೆ ಹಾಕಿದ್ದವು.
ಅದನ್ನು ಬಳಿಯುವುದಕ್ಕೇ ಮೂರು ದಿನ ಹಿಡಿಯಿತು.

ಗಾಳಿಯಂತ್ರ ನಿಲ್ಲಿಸುವವರು ಬರುವ ಮೊದಲು
ಅಗೆದು, ಅಳೆದು, ಗುಡ್ಡ ಬಿಟ್ಟುಕೊಡಬೇಕು.
ನಲವತ್ತು ದಿನ. ನಾನು ನಕ್ಷೆಯವನು:
ಚೂಪು ಪೆನ್ಸಿಲು, ತೂಗುಗುಂಡು, ಅಂಚು ಹರಿದ ಟೇಪು.

ನಮಗಿಂತ ಮೊದಲೇ ಬಂದವರು ನಡುವೆ ಗುಂಡಿ ತೋಡಿದ್ದರು,
ಅಮಾವಾಸ್ಯೆಯ ಕೆಲಸ: ಹೋಳಾದ ನಿಂಬೆಹಣ್ಣು, ಕುಂಕುಮ,
ಬೀಡಿಮೋಟು, ಒಂಟಿ ಹವಾಯಿ ಚಪ್ಪಲಿ.
ಅದನ್ನೂ ನಕ್ಷೆಯಲ್ಲಿ ಬರೆದೆ;
ಅದೂ ಈಗ ಒಂದು ಪದರವೇ.

ಏನು ಸಿಕ್ಕಿತು ಎಂದರೆ,
ಮೂಲೆಯಲ್ಲಿ ಒಟ್ಟಿದ ಕವಣೆಗುಂಡು,
ಹಳ್ಳದಿಂದ ಹೊತ್ತು ತಂದದ್ದು, ಅರವತ್ತೆರಡು, ಒಂದೂ ಎಸೆದಂತಿಲ್ಲ.
ಬೂದಿ. ಬೂದಿಯೊಳಗೆ ಸೀದ ಹುರುಳಿ, ಉಡದ ದವಡೆ.
ಹಾಸುಬಂಡೆಯ ಮೇಲೆ ಕೊರೆದ ಹುಲಿಕಟ್ಟಿನ ಮನೆ,
ಒಂದು ಗೆರೆ ತಪ್ಪಿದ್ದು, ಅದರ ಮೇಲೇ ಮತ್ತೆ ಗೀರಿದ್ದು.
ವೈರಿ ಬಂದ ಗುರುತು ಎಲ್ಲೂ ಇಲ್ಲ.
ಬೇಜಾರು ಬಂದ ಗುರುತು ಎಲ್ಲೆಲ್ಲೂ.

ಆಚೆಯದು ಹರಪನಹಳ್ಳಿ ಸೀಮೆ, ಈಚೆಯದು ದುರ್ಗದ್ದು
ಎಂದು ಯಾರೋ ಹೇಳಿ ಕೂರಿಸಿದ್ದಿರಬೇಕು.
ಎರಡೂ ಕಡೆ ಈಗ ಅದೇ ಮೆಕ್ಕೆಜೋಳ.

ಈರಕ್ಯಾತಯ್ಯ ದಿನವೂ ಕುರಿ ಹೊಡಕೊಂಡು ಬಂದು ಕೇಳುವನು:
"ಬಂಗಾರ ಸಿಕ್ತೇನ್ ಸಾಮಿ?"
ಚಂದ್ರವಳ್ಳಿಯ ಮಣ್ಣಿನಲ್ಲಿ ರೋಮಿನ ದುಡ್ಡು ಸಿಕ್ಕಿದ್ದು,
ಕಡಲಾಚೆಯ ದೊರೆಯ ಮೂಗು ಅದರ ಮೇಲೆ ಒತ್ತಿದ್ದು
ಹೇಳಿದೆ. ಅವನು ಗುಡ್ಡದ ಸುತ್ತ ಒಮ್ಮೆ ನೋಡಿ
"ಆ ದೊರೆಗೂ ಗಡಿ ಇದ್ದಾವು, ಇಂಥ ಗುಡ್ಡ ಇದ್ದಾವು.
ಅಲ್ಲೂ ಯಾವನೋ ಒಬ್ಬ ಚಳೀಲಿ ಕೂತಿರ್ತಾನೆ," ಅಂದ.
ಸ್ವಲ್ಪ ದೂರ ಹೋಗಿ, ತಿರುಗಿ:
"ಸಂಬಳ ಬಂತೋ ಇಲ್ವೋ."

ಬಾಗಿಲು ಮಾತ್ರ ಸಿಗಲಿಲ್ಲ.
ನಾಲ್ಕೂ ಗೋಡೆ ಬಂದವು ಕಾಗದಕ್ಕೆ; ಮೂಡಣದಲ್ಲಿ
ಒಂದು ಮಾರು ಖಾಲಿ. ಹೊಸ್ತಿಲಿಲ್ಲ, ಕೀಲುಕುಳಿಯಿಲ್ಲ.
ಬಾಗಿಲಿದ್ದರೆ ತಾನೆ ಕೋಟೆ;
ಇಲ್ಲವೆಂದರೆ ಕುರಿಗಳು ಹೇಳಿದ್ದೇ ನಿಜ.

ಜರಡಿ ಹಿಡಿವ ಸಣ್ಣಬೋರಮ್ಮ ಮೂವತ್ತೊಂದನೆಯ ದಿನ
ಸೆರಗಿನ ಮಣ್ಣು ಕೊಡವುತ್ತ ಕೇಳಿದಳು:
"ಅಲ್ಲ ಸಾಮಿ, ನೀವು ಹುಡುಕೋದು
ಬಟ್ಲಂಗೆ ಕುಳಿ ಬಿದ್ದಿರೋ ಚಪ್ಪಡಿ ಅಲ್ವಾ?
ಒಳಗೆಲ್ಲ ನುಣ್ಣಗೆ?"

ಅವಳ ಹಿತ್ತಿಲಲ್ಲಿತ್ತು.
ಕೋಳಿ ನೀರು ಕುಡಿಯುವ ಕಲ್ಲು.
ಅತ್ತೆಯ ಮಾವ ಮನೆ ಕಟ್ಟುವಾಗ ಗಾಡಿಯಲ್ಲಿ ತಂದದ್ದಂತೆ,
ಊರಿನ ಅರ್ಧ ಗೋಡೆ ಗುಡ್ಡದ್ದೇ ಅಂತೆ.
ಹುಂಜವೊಂದು ಕತ್ತು ಕೊಂಕಿಸಿ
ಯಾರು, ಎಲ್ಲಿಂದ, ಏನು ಕೆಲಸ ಎಂಬಂತೆ ನೋಡಿತು.

ನೀರು ಚೆಲ್ಲಿ, ಮಂಡಿಯೂರಿ, ಕುಳಿಯೊಳಗೆ ಬೆರಳಿಟ್ಟೆ.
ಸುತ್ತು ಸುತ್ತಾಗಿ ಸವೆದ ಗೀರು, ಒಂದೇ ಮಗ್ಗುಲಿಗೆ ಆಳ:
ಪೂರ್ತಿ ತೆರೆಯುತ್ತಿರಲಿಲ್ಲ ಆ ಕದ.
ಅರ್ಧ ತೆರೆದು, ಒಬ್ಬನೇ ಓರೆಯಾಗಿ ನುಸುಳಿ, ಮತ್ತೆ ಮುಚ್ಚಿ,
ಎಷ್ಟು ಸಾವಿರ ಸಲವೋ. ನೀರಿಗೆ, ಸೌದೆಗೆ,
ಕತ್ತಲಲ್ಲಿ ಬಯಲಿಗೆ ಹೋಗಿ ಬರಲಿಕ್ಕೆ.

"ಬರಕೊಳ್ಳಿ. ಎತ್ತಬ್ಯಾಡಿ," ಅಂದಳು
ಮತ್ತೆ ನೀರು ತುಂಬುತ್ತ.

ಈಗ ಗುಡ್ಡದ ಮೇಲೆ ಮೂರು ರೆಕ್ಕೆ ತಿರುಗುತ್ತವೆ.
ತಗಡಿನ ಗೂಡಿನಲ್ಲಿ ಕಾಯುವ ಹುಡುಗನೊಬ್ಬ
ರಾತ್ರಿಯಿಡೀ ಮೊಬೈಲಿನಲ್ಲಿ ಲೂಡೋ ಆಡುತ್ತಾನೆ.
ನಕ್ಷೆಯಲ್ಲಿ ಬಾಗಿಲನ್ನು ಚುಕ್ಕೆಗೆರೆಯಲ್ಲಿ ಬರೆದಿದ್ದೇನೆ,
ಅಂಚಿನಲ್ಲಿ ಒಂದು ಟಿಪ್ಪಣಿ: ಕೀಲುಗಲ್ಲು ಊರಿನಲ್ಲಿದೆ,
ಎರಡು ಮೈಲಿ ಪಡುವಲಿಗೆ.
ಬಳಕೆಯಲ್ಲಿದೆ.