ಮೂರು ಸಲ ಕೂಗಿದ ಮೇಲೆ

ಮೂವತ್ತೊಂದು ವರ್ಷ ಕಾಸರಗೋಡಿನ ಮುನ್ಸಿಫ್ ಕೋರ್ಟಿನ ಜಗಲಿಯಲ್ಲಿ
ಹೆಸರು ಕೂಗಿದವನು ನಾನು, ಐತ್ತಪ್ಪ ಶೆಟ್ಟಿಗಾರ.
ಒಂದೊಂದು ಹೆಸರು ಮೂರು ಸಲ.
ಮೂರನೆಯದಕ್ಕೂ ಓಗೊಡದಿದ್ದರೆ ಗೈರುಹಾಜರಿ,
ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದರೂ ಸರಿ,
ಸತ್ತಿದ್ದರೂ ಸರಿ.

ಈಗ ನಾನೇ ಜಡ್ಜು.
ಆದಿತ್ಯವಾರ ಏಳೂವರೆಗೆ, ಕೇಬಲಿನಲ್ಲಿ.
ಉಪ್ಪಳದ ಮುಚ್ಚಿದ ಬೀಡಿ ಡಿಪೋದ ಮಾಳಿಗೆ ನಮ್ಮ ನ್ಯಾಯಾಲಯ.
ಬೆನ್ನ ಹಿಂದಿನ ಕಾನೂನು ಪುಸ್ತಕಗಳು ವಾಲ್‌ಪೇಪರು,
ಗೌನು ಕೊಡೆಬಟ್ಟೆಯದು.
ಸುತ್ತಿಗೆ ಬೇಕೇ ಬೇಕು ಎಂದ ಡೈರೆಕ್ಟರ್ ಶಿನೋಜ್, ಕಣ್ಣೂರಿನವನು.
ನಮ್ಮಲ್ಲಿ ಯಾವ ಜಡ್ಜೂ ಸುತ್ತಿಗೆ ಬಡಿದದ್ದು ಕಂಡಿಲ್ಲ ಮಾರಾಯ, ಎಂದೆ.
ಜನ ಕಂಡಿದ್ದಾರೆ, ಸಿನೆಮಾದಲ್ಲಿ, ಎಂದ.
ಬಡಿಯುತ್ತೇನೆ. ಸದ್ದನ್ನು ಆಮೇಲೆ ಎಲ್ಲಿಂದಲೋ ತಂದು ಹಾಕುತ್ತಾರೆ.

ಬೆಂಚಿನ ಮೇಲಿನ ಹೆಂಗಸರಿಗೆ
ತಲೆಗೆ ಇನ್ನೂರು, ಒಂದು ಚಾ, ಒಂದು ಪಳಂಪೊರಿ.
ಬೆಳಗ್ಗೆಯೇ ಬೆರಗಾಗಿ ಮುಗಿಸುತ್ತಾರೆ ಅವರು,
ಖಾಲಿ ಕಟಕಟೆ ನೋಡಿ ಬಾಯಿಗೆ ಸೆರಗು,
ಖಾಲಿ ಕಟಕಟೆ ನೋಡಿ ಚ್ಚು ಚ್ಚು.
ವಾದಿ ಬರುವುದು ಊಟದ ನಂತರ.
ನಡುವೆ ರೈಲು ಬಂದರೆ ಎಲ್ಲರೂ ಕಲ್ಲು.
ಕೊನೆಯ ಬೋಗಿ ದಾಟಿದ ಮೇಲೆ
ಸಿಟ್ಟು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಎತ್ತಿಕೊಳ್ಳಬೇಕು.

ಆ ದಿನ ಕಯ್ಯಾರಿನ ಬೀಫಾತಿಮ, ಅಡುಗೆಯವಳು,
ನೆರೆಮನೆಯ ಲಾದ್ರು ಕ್ರಾಸ್ತನ ಮೇಲೆ.
ಮಗಳ ರೋಸಿಗೆಂದು ಒಯ್ದ ಬಿರಿಯಾನಿ ಚೆಂಬು,
ಇಬ್ಬರು ಹಿಡಿದು ಎತ್ತಬೇಕಾದ ತಾಮ್ರದ್ದು,
ಅಡಿಯಲ್ಲಿ ತೂತಾಗಿ ಬಂದಿದೆ.
ಬೆಸುಗೆ, ಕಲಾಯಿ ಸೇರಿ ಸಾವಿರದ ಎಂಟುನೂರ ಐವತ್ತು.
ಕ್ಯಾಮರಾದ ಹುಡುಗ ಚೆಂಬಿನೊಳಗೆ ದೀಪ ಇಟ್ಟ;
ತೂತಿನಿಂದ ಬೆಳಕು ನಕ್ಷತ್ರದ ಹಾಗೆ ಬಂತು.
ಅವಳು ಮಲಯಾಳದಲ್ಲಿ ಬೈದಳು, ಅವನು ಕೊಂಕಣಿಯಲ್ಲಿ.
ಕೆಳಗೆ ಓಡುವ ಕನ್ನಡದಲ್ಲಿ
ಇಬ್ಬರೂ ಭಾರೀ ಮರ್ಯಾದಸ್ಥರು.

ತೀರ್ಪು ಅವಳ ಕಡೆಗೆ. ಮೂರು ಸಲ ಹೇಳಿದೆ,
ಮೊದಲನೆಯದಕ್ಕೆ ಮೈಕು ಇರಲಿಲ್ಲ, ಎರಡನೆಯದಕ್ಕೆ ನಾನು ಸೀನಿದೆ.
ಮೂರು ಸಲವೂ ಲಾದ್ರು ಹೊಸತಾಗಿ ತಲೆ ತಗ್ಗಿಸಿದ.

ಆಮೇಲೆ ಮೆಟ್ಟಿಲ ಬಳಿ ಲಕೋಟೆಗಳು.
ಗೆದ್ದವಳಿಗೆ ತೀರ್ಪಿನ ಹಣ,
ಸೋತವನಿಗೆ ಬಂದದ್ದಕ್ಕೆ ಸಾವಿರ, ಬಸ್ಸಿನ ಖರ್ಚು ಬೇರೆ.
ಎರಡರ ಮೇಲೂ ಪ್ರಾಯೋಜಕರಾದ ಚಿನ್ನದಂಗಡಿಯ ಹೆಸರು.
ಸಹಿ ಹಾಕಿದ ಕಾಗದದಲ್ಲಿ ಹಾಗೆಯೇ ಇತ್ತು, ನಾನೇ ಓದಿ ಹೇಳಿದ್ದೆ.
ಬೀಫಾತಿಮ ಲಕೋಟೆಯನ್ನು ಮಗುಚಿ ಮಗುಚಿ ನೋಡಿ ಕೇಳಿದಳು,
ಇದು ಲಾದ್ರುವಿನ ಹಣ ಅಲ್ಲವಾ?
ಅಲ್ಲಮ್ಮ.
ಮತ್ತೆ ಸೋತದ್ದು ಯಾರು?

ಶಿನೋಜ್ ವಯರು ಸುತ್ತುತ್ತಿದ್ದ.
ನಾನು ಗೌನು ಬಿಚ್ಚಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿಕೊಂಡೆ.

ಕಯ್ಯಾರಿಗೆ ಸಂಜೆ ಒಂದೇ ಬಸ್ಸು.
ಮುಂದಿನ ಸೀಟಿನಲ್ಲಿ ಅವಳು, ಹಿಂದೆ ಅವನು,
ನಡುದಾರಿಯಲ್ಲಿ ಚೆಂಬು. ಅದರಾಚೆ, ಅಂಗಿಯಲ್ಲಿ, ನಾನು.
ಲಗೇಜು ಟಿಕೇಟು ಆಗಬೇಕು, ಎಂದ ಕಂಡಕ್ಟರ್,
ಈ ಚೆಂಬು ಯಾರದ್ದು?
ಕಿಟಕಿಯ ಹೊರಗೆ ನೋಡುವ ಕೆಲಸ ಎಲ್ಲರಿಗೂ ಇತ್ತು.
ಚೆಂಬು ಯಾರದ್ದು?
ಎರಡು, ಎಂದು ಎಣಿಸಿತು ನನ್ನ ಗಂಟಲು, ಹಳೆಯ ಅಭ್ಯಾಸ.
ಯಾರದ್ದು ಮಾರಾಯ್ರೇ ಚೆಂಬು?

ಲಾದ್ರು ಜೇಬಿಗೆ ಕೈ ಹಾಕಿದ.
ಯಾವ ಜೇಬು ಎಂದು
ತಿರುಗಿ ನೋಡುತ್ತಿದ್ದಳು ಬೀಫಾತಿಮ.